ಕಂಬ ಊರುವ ಜಾಗ

ಕಟ್ಟಡಗಳ ಪುಟ್ಟ ಮಾದರಿ ಮಾಡುವವನ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಯೋಜನೆಗೆ ಒಪ್ಪಿಗೆ ಸಿಗುವ ತನಕ ಮಾದರಿಯೊಳಗೆ ಮನುಷ್ಯರ ಗೊಂಬೆ ಇಡುವ ಹಾಗಿಲ್ಲ. ಸಂರಕ್ಷಿತ ತೋಪನ್ನು ಅವನು ಸ್ಪಂಜಿನ ಮರ, ರಟ್ಟಿನ ಬೆಂಚುಗಳಲ್ಲಿ ಮಾಡಿ ಸಭೆಯ ಮೇಜಿನ ಮೇಲಿಟ್ಟಿದ್ದ. ಅದರ ಮೇಲೆ ಕೂರಿಸಬೇಕಾದ ಮೇಲ್ಸೇತುವೆಯ ಮಾದರಿ ಇನ್ನೂ ಅವನ ಕೈಯಲ್ಲೇ ಇತ್ತು.

ಸೇತುವೆ ಬೇಡವೆಂದು ಬಂದವರು ಸೂರು ಹಾರಿಹೋಗುವಂತೆ ಕೂಗಾಡುತ್ತಿದ್ದರು. "ಒಂದು ಮರ ಮುಟ್ಟಿ ನೋಡಿ" ಎನ್ನುತ್ತ ಮುಂದೆ ನುಗ್ಗಿದ ದರ್ಜಿಯಮ್ಮ ಮಾದರಿ ಕಂಡವಳೇ ಅದರ ಮೇಲೆ ಬಗ್ಗಿದಳು. ಬೆಂಚೊಂದರ ಮೇಲೆ ಉಗುರಿನಷ್ಟು ಪುಟ್ಟ ಗೊಂಬೆ ಬೆನ್ನು ತಿರುಗಿಸಿಕೊಂಡು ಕೂತಿತ್ತು.

"ನಮ್ಮಪ್ಪ ಹಿಂಗೇ ಕೂರ್ತಿದ್ದಿದ್ದು, ತೀರ್ಕೊಳ್ಳೋ ತನಕ" ಎಂದಳು.

"ಅಪ್ಪ ಅಲ್ಲ ಕಣಮ್ಮ, ಅದು ನಮ್ಮಕ್ಕ" ಎಂದ ಪಕ್ಕದಲ್ಲಿದ್ದ ಬಸ್ ಡ್ರೈವರ್.

ಮಾದರಿಯವನಿಗೆ ಕಂಡದ್ದು ಹೋದ ವರ್ಷ ತೀರಿಕೊಂಡ ಹೆಂಡತಿಯ ಹೆರಳು.

ಸೇತುವೆಯ ನಕ್ಷೆ ಬರೆದ ಎಂಜಿನಿಯರ್ ಸಿಡುಕಿದ. "ಯಾರ್ರೀ ಇದನ್ನ ಇಟ್ಟಿದ್ದು? ತೆಗೆದು ಸೇತುವೆ ಕೂರಿಸ್ರೀ."

"ನಾನಿಟ್ಟಿದ್ದಲ್ಲ ಸಾರ್. ಬೇಕಾದ್ರೆ ನೀವೇ ತೆಗೀರಿ" ಎಂದ ಮಾದರಿಯವನು.

ಎಂಜಿನಿಯರ್ ಬಗ್ಗಿ ಕೈಚಾಚಿದ. ಚಾಚಿದ ಕೈ ಹಾಗೇ ನಿಂತಿತು. ಆಮೇಲೆ ಅವನು ಮೆಲ್ಲಗೆ, ಸುತ್ತ ಯಾರೂ ಇಲ್ಲವೆಂಬಂತೆ ಹೇಳಿದ:

"ಅಮ್ಮಾ, ಏಳಮ್ಮ. ಅಲ್ಲಿ ಕಂಬ ಬರುತ್ತೆ."