ಚುಕ್ಕೆ ಗೆರೆಯ ದಾರಿ

ಬಡಾವಣೆಯ ನಕ್ಷೆ ಬರೆಯುವವನ ಪದ್ಧತಿ ಒಂದೇ: ಮೊದಲು ನಿವೇಶನಗಳನ್ನೆಲ್ಲ ಹೊಂದಿಸುವುದು, ಯಾವ ಮನೆಗೂ ಒಗ್ಗದೆ ಉಳಿದ ಮೂಲೆಗೆ ಹಸಿರು ಬಳಿದು ಪಾರ್ಕ್ ಎಂದು ಬರೆಯುವುದು. ಈ ಸಲ ಉಳಿದದ್ದು ದೊಡ್ಡ ಚರಂಡಿಯ ಆಚೆಯ ತುಂಡು. ಸೇತುವೆಯ ಗೊಡವೆಗೆ ಹೋಗದೆ, ಚರಂಡಿಯ ಮೇಲೇ ನಾಲ್ಕು ಚುಕ್ಕೆಯಿಟ್ಟು ದಾರಿ ಎಂದು ಬರೆದು ಕೈತೊಳೆದುಕೊಂಡ.

ಮನೆಗಳೆದ್ದವು, ಅವನೂ ಅಲ್ಲೇ ಒಂದು ಕೊಂಡ.

"ನನ್ನ ಮಗ ಬರೆದ ಪಾರ್ಕು, ಒಂದ್ಸಲ ನೋಡ್ಬೇಕು ಕಣೋ" ಎಂದು ಅಪ್ಪ ದಿನಾ ಜೀವ ತಿನ್ನುತ್ತಿದ್ದ. ಕೊನೆಗೊಂದು ಸಂಜೆ ಅಪ್ಪನ ಗಾಲಿಕುರ್ಚಿ ತಳ್ಳಿಕೊಂಡು ಹೋದ. ಚರಂಡಿಯ ಅಂಚಿನಲ್ಲಿ ದಾರಿ ಮುಗಿಯಿತು. ಆಚೆ ಬೆಂಚೊಂದು ಹುಲ್ಲಿನಲ್ಲಿ ಮುಳುಗಿತ್ತು.

ಅಪ್ಪ ಬಹಳ ಹೊತ್ತು ನೋಡಿದ. ಆಮೇಲೆ ಹಿಂದಕ್ಕೆ ಕೈಚಾಚಿ ಮಗನ ಕೈ ತಟ್ಟಿದ.

"ಬೇಜಾರ್ ಮಾಡ್ಕೋಬೇಡ್ವೋ. ನೀನು ಸೇತುವೆ ಬರೆದೇ ಇರ್ತೀಯ. ಕಟ್ಟೋ ಮುಂಡೇವು ನುಂಗಿ ನೀರು ಕುಡಿದಿರ್ತವೆ."

"ಹೂಂ ಅಪ್ಪ" ಎಂದ ಮಗ.