ಬೋಜಪ್ಪನವರ ಬಾಯಿಗೆ ಬೋಜಪ್ಪನವರ ಮಾತು

ವಿರಾಜಪೇಟೆಯ ಸ್ಟುಡಿಯೋ ಒಂದರಲ್ಲಿ ಹಳೆಯ ವಿಡಿಯೋ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಡುವ ಸುಮಿತಾಳಿಗೆ ತನ್ನ ಕೆಲಸದ ಬಗ್ಗೆ ಸ್ವಲ್ಪ ಜಂಬವೇ ಇತ್ತು. ಇರಲಿ ಬಿಡಿ, ಕೈಯಲ್ಲಿ ಕಸುಬಿದ್ದವರಿಗೆ ಅಷ್ಟಾದರೂ ಬೇಡವೇ? ಕ್ಯಾಸೆಟ್ಟನ್ನು ಫೈಲ್ ಮಾಡುವಾಗ ಎಷ್ಟೋ ಸಲ ಚಿತ್ರ ಮುಂದೆ ಹೋಗಿ ಧ್ವನಿ ಹಿಂದೆ ಉಳಿಯುತ್ತದೆ. ಎರಡನ್ನೂ ಕೂಡಿಸಲು ಬೇರೆ ಊರಿನವರು ಚಪ್ಪಾಳೆಯನ್ನೋ ಬಾಗಿಲು ಬಡಿದದ್ದನ್ನೋ ಹುಡುಕಬೇಕು. ಕೊಡಗಿನಲ್ಲಿ ಆ ತಾಪತ್ರಯವಿಲ್ಲ. ಹಬ್ಬದ ಕ್ಯಾಸೆಟ್ ಎಂದರೆ ಎಲ್ಲೋ ಒಂದು ಕಡೆ ಗುಂಡು ಹಾರಿಯೇ ಇರುತ್ತದೆ. ಕೋವಿಯ ಹೊಗೆ ಕಂಡ ಜಾಗಕ್ಕೆ ಢಂ ಎಂಬ ಸದ್ದನ್ನು ತಂದು ಕೂರಿಸಿದರೆ ಮುಗಿಯಿತು.

ಬಿಟ್ಟಂಗಾಲದ ಪೊನ್ನಮ್ಮ ತಂದುಕೊಟ್ಟ ಕೈಲ್‌ಮುಹೂರ್ತ ಹಬ್ಬದ ಕ್ಯಾಸೆಟ್ಟನ್ನೂ ಹಾಗೆಯೇ ಕೂರಿಸಿದ್ದಳು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ನಡುವೆ ಪೊನ್ನಮ್ಮನ ಗಂಡ ಬೋಜಪ್ಪನವರು ಕ್ಯಾಮೆರಾದ ಎದುರಿಗೇ ಬಂದು ಏನೋ ಹೇಳುತ್ತಾರೆ. ಗಂಟಲಿನ ಆಪರೇಷನ್ ಆದ ಮೇಲೆ ಅವರ ಧ್ವನಿ ಪೂರ್ತಿ ಹೋಗಿತ್ತು. ಅವರ ಮಾತು ಉಳಿದಿದ್ದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ.

ಗಂಡ ಹೆಂಡತಿ ಇಬ್ಬರೂ ಬಂದು ಕುರ್ಚಿ ಎಳೆದುಕೊಂಡು ಕೂತರು. ಸುಮಿತಾ ವಿಡಿಯೋ ಹಾಕಿದಳು. ಹೊಗೆಗೂ ಸದ್ದಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಆದರೆ ಬೋಜಪ್ಪನವರು ಬಾಯಿ ತೆರೆಯುವ ಮೊದಲೇ ಮಾತು ಬಂದುಬಿಟ್ಟಿತು. ಕುರ್ಚಿಯಲ್ಲಿದ್ದ ಬೋಜಪ್ಪನವರು ಮುಖ ತಿರುಗಿಸಿ, ಅದು ತಾನಲ್ಲ ಎಂಬಂತೆ ಕೈಯಾಡಿಸಿದರು.

“ಯಾರೋ ಹಿಂದೆ ನಿಂತು ಹೇಳಿದ ಹಾಗೆ ಉಂಟು ಮಗಾ,” ಎಂದರು ಪೊನ್ನಮ್ಮ. “ಬರೀ ಕೇಳೋದಕ್ಕಾದ್ರೆ ಹೇಗಿದ್ರೂ ಆಗ್ತಿತ್ತು. ಇವರು ಮಾತಾಡೋದನ್ನ ನಾನು ಒಂದು ಸಲ ನೋಡ್ಬೇಕು.”

ಸುಮಿತಾಳಿಗೆ ಕಸಿವಿಸಿಯಾಯಿತು. ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು. ಕೋವಿ ಹಿಡಿದವರು ಗದ್ದೆಯ ಆಚೆ ದಡದಲ್ಲಿ, ಕ್ಯಾಮೆರಾ ಈಚೆ ಮನೆಯಂಗಳದಲ್ಲಿ. ಅಯ್ಯೋ ಇವಳ ಬುದ್ಧಿಯೇ. ದೂರದ ಗುಂಡಿಗೆ ಹೊಗೆ ಮೊದಲು, ಸದ್ದು ಆಮೇಲೆ ಎಂಬುದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಗದ್ದೆ ದಾಟಿ ತನ್ನ ಪಾಡಿಗೆ ಬರಬೇಕಾದ ಸದ್ದನ್ನು ಅವಳು ಕಿವಿ ಹಿಡಿದು ಮುಂದಕ್ಕೆಳೆದಿದ್ದಳು. ಅದರ ಜೊತೆಗೆ, ಹತ್ತಿರವೇ ಇದ್ದ ಬೋಜಪ್ಪನವರ ಮಾತೂ ಮುಂದೆ ಓಡಿತ್ತು.

“ತಪ್ಪು ನಂದೇ ಆಂಟಿ, ಒಂಚೂರು ಕೂತ್ಕೊಳ್ಳಿ,” ಎಂದವಳು ಕೋವಿಯನ್ನು ಮರೆತು, ಬೋಜಪ್ಪನವರ ತುಟಿಯನ್ನೇ ನೋಡುತ್ತ ಧ್ವನಿಯನ್ನು ಇಷ್ಟಿಷ್ಟೇ ಹಿಂದಕ್ಕೆ ಸರಿಸಿದಳು. ಹೆಂಡತಿಯ ಹೆಸರು ಹೇಳುವಾಗ ಅವರ ತುಟಿಗಳು ಎಲ್ಲಿ ಕೂಡಿ ಬಿಚ್ಚುತ್ತಿದ್ದವೋ ಅಲ್ಲಿಗೇ ಆ ಹೆಸರನ್ನು ತಂದು ನಿಲ್ಲಿಸಿದಳು. ಮತ್ತೆ ಹಾಕಿದಳು. ಪರದೆಯ ಮೇಲಿನ ಬೋಜಪ್ಪನವರು ಕ್ಯಾಮೆರಾ ಹಿಡಿದವನಿಗೆ ಹೇಳಿದರು:

“ನನ್ನ ತೆಗಿಯೋದು ಬೇಡ. ಪೊನ್ನಮ್ಮನ ತೆಗಿ. ಇವತ್ತು ಅವಳು ಚೆಂದ ಕಾಣ್ತಾಳೆ.”

ಪೊನ್ನಮ್ಮನಿಗೆ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, “ಇನ್ನೊಂದು ಸಲ ಹಾಕು ಮಗಾ,” ಎಂದರು.

ಸುಮಿತಾ ಹಾಕಿದಳು. ಈ ಸಲ ಬೋಜಪ್ಪನವರು ಪರದೆ ಬಿಟ್ಟು ಹೆಂಡತಿಯ ಕಡೆ ತಿರುಗಿದರು. ಸ್ಪೀಕರಿನಲ್ಲಿ ಮಾತು ಬಂದಂತೆ ಅವರ ತುಟಿಗಳೂ ಆಡಿದವು, ಒಂದಕ್ಷರವೂ ಹೆಚ್ಚುಕಮ್ಮಿಯಾಗದಂತೆ, ಪೊನ್ನಮ್ಮನ ಮುಖವನ್ನೇ ನೋಡುತ್ತ.