ಆಕ್ಷೇಪಣೆ ಬಂದಿಲ್ಲ

"ದೂರ ನಿಂತ್ಕೊಳ್ರೇ, ಗಬ್ಬು ಮುಂಡೇವಾ! ಒಳಗಿರೋ ಮಿಷನ್ನಿಗೆ ಒಂದು ಹನಿ ನೀರು ತಾಗಿದ್ರೂ ನನ್ನ ತಲೆ ಹೋಗುತ್ತೆ," ಎಂದು ಮೇಸ್ತ್ರಿ ಬಾಗಿಲಿಗೆ ಅಡ್ಡ ನಿಂತ.

ನಾವು ಒಂಬತ್ತು ಜನ ಹೆಂಗಸರು ಬೆಳಿಗ್ಗೆ ಐದರಿಂದ ಸಂತೆಬೀದಿಯ ಚರಂಡಿಯ ಹೂಳೆತ್ತಿ ಬಂದಿದ್ದೆವು. ಮೊಣಕಾಲವರೆಗೆ ಕಪ್ಪು ರಾಡಿ ಮೆತ್ತಿತ್ತು. ಪುರಸಭೆಯ ಉಗ್ರಾಣದ ಪಕ್ಕ ನಮಗೊಂದು ಕೋಣೆಯಿತ್ತು. ಒಂದು ನಲ್ಲಿ, ಒಂದು ಕಲ್ಲು, ಬಟ್ಟೆ ಬದಲಿಸುವಷ್ಟು ಮರೆ. ಅಷ್ಟನ್ನು ಪಡೆಯಲು ನಮ್ಮೆಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ ಏಳು ವರ್ಷ ಅರ್ಜಿ ಹಿಡಿದು ಅಲೆದಿದ್ದಳು. ಅದಕ್ಕೆ ಮುಂಚೆ ಹಾಗೇ ಮನೆಗೆ ನಡೆಯುತ್ತಿದ್ದೆವು. ಬಸ್ಸಿನವನು ಹತ್ತಿಸಿಕೊಳ್ಳುತ್ತಿರಲಿಲ್ಲ. ಹೆತ್ತ ಮಕ್ಕಳೇ ಮೂಗು ಹಿಡಿದುಕೊಂಡು ಹತ್ತಿರ ಬರುತ್ತಿದ್ದವು.

ಹಬ್ಬದ ಎರಡು ದಿನ ರಜೆ ಮುಗಿಸಿ ಬಂದರೆ ಆ ಬಾಗಿಲಿಗೆ ಹೊಸ ಬೀಗ. ಒಳಗೆ ಗುಂಯ್‌ಗುಡುವ ಕಬ್ಬಿಣದ ಪೆಟ್ಟಿಗೆಗಳು. ಸೂರಿನ ಮೇಲೆ ಬಿಳಿ ಡಬ್ಬಿಗಳನ್ನು ಕಟ್ಟಿಕೊಂಡ ಕಂಬ.

ಆ ಸಿಗ್ನಲ್ ಡಬ್ಬಿಗಳು ಪುರಸಭೆ ಅಧ್ಯಕ್ಷರ ಬೀದಿಯ ದೀಪದ ಕಂಬಗಳಿಗೆ ಬರಬೇಕಾಗಿದ್ದವು. ಮೊಬೈಲಿಗೆ ಸಿಗ್ನಲ್ ಇಲ್ಲವೆಂದು ಗೋಳಾಡಿದ್ದು ಆ ಬೀದಿಯೇ. ಡಬ್ಬಿ ಬರುತ್ತದೆಂದಾಗ ಬಾಯಿ ಬಡಿದುಕೊಂಡದ್ದೂ ಆ ಬೀದಿಯೇ. ಕಿಟಕಿ ತೆರೆದರೆ ಅಸಹ್ಯವಂತೆ, ಸಾರ್ವಜನಿಕ ಆಸ್ತಿಯ ಅಂದ ಕೆಡುತ್ತದಂತೆ, ಮಕ್ಕಳ ತಲೆಗೆ ಏನಾದರೂ ಆದೀತಂತೆ. ಸಭೆಯಲ್ಲಿ ಈ ಕಳವಳವೇ ಮೂರು ಗಂಟೆ ನಡೆಯಿತು. ಹೊರಗೆ ಮೆಟ್ಟಿಲು ಗುಡಿಸುತ್ತಿದ್ದ ನಾವು ಕೇಳಿಸಿಕೊಂಡು ನಕ್ಕಿದ್ದೆವು. ಡಬ್ಬಿಗಳು ಬೇರೆಲ್ಲಿಗೆ ಹೋಗುತ್ತವೆಂದು ಕೇಳಲು ನಮಗೆ ತೋಚಿರಲಿಲ್ಲ.

ದೊಡ್ಡಕ್ಕ ನೇರ ಇಂಜಿನಿಯರ ಕೋಣೆಗೆ ನಡೆದಳು. ನಾವೂ ನಡೆದೆವು, ಮೇಸ್ತ್ರಿಯೂ ಬಂದ. ಇಂಜಿನಿಯರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೇ ಫೈಲು ತೆರೆದರು.

"ಹದಿನೈದು ದಿನದ ಗಡುವು ಕೊಟ್ಟು ನೋಟೀಸು ಅಂಟಿಸಿದ್ವಲ್ಲಮ್ಮ. ನಿಮ್ಮ ಕೋಣೆ ಗೋಡೆಗೇ. ತಕರಾರಿದ್ರೆ ಬರೆದು ಕೊಡಿ ಅಂತ. ಒಂದೂ ಬರ್ಲಿಲ್ಲ. ನೋಡು, ಇಲ್ಲಿದೆ: ಆಕ್ಷೇಪಣೆ ಬಂದಿಲ್ಲ."

ಪ್ರತಿ ಸೋಮವಾರ ಗೋಡೆ ಕೆರೆಯುವ ಪಾಳಿ ನನ್ನದು. ಸಿನಿಮಾದ್ದೋ, ಔಷಧಿಯದ್ದೋ, ಪುರಸಭೆಯ ಗೋಡೆಯ ಮೇಲೆ ಕಂಡ ಕಾಗದವನ್ನೆಲ್ಲ ನೀರು ಹಾಕಿ ಕೆರೆಯಬೇಕು. ಚೂರು ಉಳಿದರೂ ಆ ದಿನ ಆಬ್ಸೆಂಟ್. ಹೋದ ತಿಂಗಳು ನಮ್ಮ ಕೋಣೆಯ ಗೋಡೆಯಿಂದ ದುಂಡು ಮೊಹರಿನ ಬಿಳಿ ಕಾಗದವೊಂದನ್ನು ಕೆರೆದಿದ್ದೆ. ಅಂಟು ಇನ್ನೂ ಹಸಿಯಾಗಿತ್ತು. ನನಗೆ ಓದಲು ಬಾರದು.

"ಸ್ವಾಮಿ, ಅದನ್ನ ಕೆರೆದು ಹಾಕಿದ್ದು ನಾನೇ," ಎಂದೆ.

ಇಂಜಿನಿಯರ ಮುಖ ಅರಳಿತು. "ಸರ್ಕಾರಿ ನೋಟೀಸು ಹರಿದವಳು ನೀನೇನಾ? ಕೇಸಾಗುತ್ತೆ ಗೊತ್ತಾ?"

"ಕೆರೀದಿದ್ರೆ ಈ ಮೇಸ್ತ್ರಿ ಆಬ್ಸೆಂಟ್ ಹಾಕ್ತಾನಲ್ಲ ಸ್ವಾಮಿ?"

"ಅದೂ ರೂಲೇ, ಇದೂ ರೂಲೇ."

ನಾವು ಗಟ್ಟಿಬಾಯಿ ಎಂದು ಕರೆಯುವವಳು ಮುಂದೆ ಬಂದಳು. "ಅಧ್ಯಕ್ಷರ ಬೀದೀಲೂ ಗೋಡೆಗೇ ಮೆತ್ತಿದ್ರಾ?"

"ಅವರಿಗೆ ಮನೆಮನೆಗೆ ಕೊಟ್ವಿ. ಓದಿದ ಜನ."

"ಹೌದಪ್ಪ. ಅವರ ಮಕ್ಕಳಿಗೆ ತಲೆ ಐತೆ, ಕೆಡ್ತದೆ. ನಾವು ಹೆತ್ತಿದ್ದು ಬರೀ ಮುಂಡ!"

"ಬಾಯಿ ಮುಚ್ಚೇ. ಮನೇಲಿ ಹೋಗಿ ತೊಳ್ಕೊಳ್ಳಿ. ಹುಟ್ಟಿದಾಗಿಂದ ಕೊಚ್ಚೇಲಿರೋರು, ಇನ್ನೊಂದು ಗಂಟೆ ಇದ್ರೆ ಸವೆದು ಹೋಗ್ತೀರಾ?"

ಮೇಸ್ತ್ರಿ ಹಲ್ಲು ಕಿರಿದ.

ದೊಡ್ಡಕ್ಕ ಹೊರಗೆ ಬಂದಳು. ಗೇಟಿನತ್ತ ಹೋಗಲಿಲ್ಲ. ಕಾರಿಡಾರು ಹಿಡಿದು ಮೆಲ್ಲಗೆ, ಮಂಡಿನೋವಿನ ಕಾಲೆಳೆಯುತ್ತ, ಸಭಾಂಗಣ ದಾಟಿ ಅಧ್ಯಕ್ಷರ ಕೋಣೆಗೆ ಹೋದಳು. ಹಿಂದೆಯೇ ನಾವು. ಅಧ್ಯಕ್ಷರು ಯಾರೊಂದಿಗೋ ಫೋನಿನಲ್ಲಿ ನಗುತ್ತಿದ್ದರು. ಅವರ ಕುರ್ಚಿಯ ಹಿಂದಿದ್ದ ಬಚ್ಚಲಿನ ಬಾಗಿಲು ತೆರೆದು ದೊಡ್ಡಕ್ಕ ಒಳಹೊಕ್ಕಳು. ನೀರು ಬೀಳುವ ಸದ್ದು ಕೇಳಿತು.

"ಏಯ್! ಯಾರವಳು? ಈಚೆ ಎಳೀರೋ ಅವಳನ್ನ!"

ನಾವು ಎಂಟು ಜನ ಬಾಗಿಲಿಗೆ ಬೆನ್ನು ಕೊಟ್ಟು ಸಾಲಾಗಿ ನಿಂತೆವು. ಓಡಿ ಬಂದ ಮೇಸ್ತ್ರಿ ನಮ್ಮ ಮೈಯ ರಾಡಿ ನೋಡಿ ಅಲ್ಲೇ ನಿಂತ. ಮುಟ್ಟಲು ಅವನಿಗೆ ಹೇಸಿಗೆ.

"ಎಳಿಯೋ ಬೋಳಿಮಗನೇ, ಯಾಕೆ ನಿಂತೆ?" ಎಂದಳು ಗಟ್ಟಿಬಾಯಿ.

ಅಧ್ಯಕ್ಷರು ಪೊಲೀಸರಿಗೆ ಫೋನು ಹಚ್ಚಿದರು. ಒಳಗಿನಿಂದ ದೊಡ್ಡಕ್ಕನ ದನಿ ಬಂತು: "ಅವರು ಬರೋಕೆ ಅರ್ಧ ಗಂಟೆ ಬೇಕು ಕಣ್ರೇ. ಅಷ್ಟರಲ್ಲಿ ನಾಲ್ಕು ಜನದ್ದಾಗುತ್ತೆ. ಮಂಡಿನೋವಿನೋರು ಮೊದಲು ಬನ್ನಿ."

ನಾಲ್ಕನೆಯವಳು ನಾನು. ಬಾಗಿಲ ಚಿಲಕ ಹಾಕಿ ತಂಬಿಗೆ ತುಂಬ ಮೊಗೆದು ಕಾಲಿಗೆ ಸುರಿದುಕೊಂಡೆ. ನೀರು ಬಿಸಿಯಾಗಿತ್ತು. ಇಪ್ಪತ್ತು ವರ್ಷ ಈ ಕಟ್ಟಡದ ಕಸ ಹೊತ್ತಿದ್ದೇನೆ, ಇಲ್ಲಿ ಬಿಸಿನೀರಿರುವುದು ಗೊತ್ತಿರಲಿಲ್ಲ. ಹೊರಗೆ ಬೂಟುಗಳ ಸದ್ದು ಕೇಳಿತು, ಬಾಗಿಲಿಗೆ ಲಾಠಿ ಬಿತ್ತು. ನಾನು ಇನ್ನೊಂದು ತಂಬಿಗೆ ಮೊಗೆದೆ.